ಗಾದೆಯ ಎರಡನೆಯ ಅರ್ಧ

ಚೌತಿಯ ರಾತ್ರಿ ಚಂದ್ರನನ್ನು ನೋಡಬಾರದೆಂಬ ನಿಯಮ ನಮ್ಮ ಮನೆಗಳಲ್ಲಿ ಯಾರಿಗೆ ತಿಳಿಯದು? ಅದರ ಹಿಂದಿನ ಕಥೆಯೂ ಮಕ್ಕಳ ಬಾಯಲ್ಲಿ ನಲಿಯುವಂಥದೇ. ಹೊಟ್ಟೆ ತುಂಬ ಕಡುಬು ಮೋದಕಗಳನ್ನು ಸ್ವೀಕರಿಸಿ, ಇಲಿಯ ಮೇಲೇರಿ ಹೊರಟ ಗಣಪತಿ ದಾರಿಯಲ್ಲಿ ಬಿದ್ದ. ಹಾವನ್ನು ಕಂಡು ಇಲಿ ಬೆದರಿತ್ತು. ಬಿದ್ದ ರಭಸಕ್ಕೆ ಹೊಟ್ಟೆ ಬಿರಿಯಿತು. ಆತನಾದರೋ ಆ ಹಾವನ್ನೇ ಎತ್ತಿ ನಡುವಿಗೆ ಬಿಗಿದುಕೊಂಡು ಎದ್ದು ನಿಂತ. ಮೇಲಿನಿಂದ ನೋಡುತ್ತಿದ್ದ ಚಂದ್ರ ನಗೆಯನ್ನು ತಡೆಯಲಾರದೆ ನಕ್ಕುಬಿಟ್ಟ. ಶಾಪ ತಟ್ಟಿದ್ದು ತಿಂದವನಿಗಲ್ಲ, ನಕ್ಕವನಿಗೆ.

ಈ ಕಥೆಗೆ ಹಿರಿಯರು ಹೇಳುವ ಅರ್ಥಗಳು ಹಲವು ಇರಬಹುದು. ಆದರೆ ಮೈ ತುಂಬಿದವರನ್ನು ಕಂಡು ನಗುವುದು ಅಪರಾಧವೆಂದು ಇಷ್ಟು ಸ್ಪಷ್ಟವಾಗಿ ಸಾರುವ ಕಥೆ ಇನ್ನೊಂದು ಇದ್ದಂತಿಲ್ಲ. ವರ್ಷಕ್ಕೊಂದು ರಾತ್ರಿ ನಾವು ಆ ಚಂದ್ರನ ಮುಖವನ್ನು ನೋಡದೆ ಇರುತ್ತೇವೆ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಆ ಚಂದ್ರನ ಕೆಲಸವನ್ನು ನಾವೇ ನಿರ್ವಹಿಸುತ್ತೇವೆ. ಮದುವೆಯ ಮನೆಯಲ್ಲಿ ಬಹುಕಾಲದ ಮೇಲೆ ಕಂಡ ಸೋದರತ್ತೆ ಕುಶಲ ಕೇಳುವ ಮೊದಲೇ, “ಏನೇ ಹುಡುಗಿ, ಈ ಪಾಟಿ ಊದಿಕೊಂಡಿದ್ದೀಯಲ್ಲೇ!” ಎಂದು ಉದ್ಗರಿಸುತ್ತಾರೆ. ಕಛೇರಿಯ ಮಿತ್ರರು, “ಕುರ್ಚಿ ಜೋಪಾನ ಸ್ವಾಮಿ, ಸರಕಾರದ್ದು” ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಗೆಗೆ ಗುರಿಯಾದವರೂ ನಗುತ್ತಾರೆ, ನಗದಿದ್ದರೆ ಮುನಿಸೆಂದು ತಿಳಿದಾರೆಂಬ ಭಯದಿಂದ.

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬುದು ನಮ್ಮ ನಾಡಿನ ಹಳೆಯ ಗಾದೆ. ಸ್ಥೂಲಕಾಯರನ್ನು ಕಂಡೊಡನೆ ಅದರ ಮೊದಲರ್ಧ ನಮ್ಮ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ. ಎರಡನೆಯ ಅರ್ಧವನ್ನು ಅವರಿಗೆ ಹೇಳಬೇಕಾಗಿಲ್ಲ. ಅದು ಇರುವುದು ನಮಗಾಗಿ. ತೂಕವನ್ನು ಇಳಿಸಿಕೊಳ್ಳಲು ಹೊರಟವರಿಗೆ ಊಟದ ಪಥ್ಯ ಎಷ್ಟು ಅಗತ್ಯವೋ ಸುತ್ತಲಿನವರ ಮಾತಿನ ಪಥ್ಯವೂ ಅಷ್ಟೇ ಅಗತ್ಯವೆಂಬುದು ಈ ವಾರ ನಾನು ವಾಚಕರ ಮುಂದೆ ಇಡಬಯಸುವ ವಿಚಾರ. ಇದು ಕೇವಲ ಸೌಜನ್ಯದ ಮಾತಲ್ಲ. ಕಳೆದ ಎಪ್ಪತ್ತು ಎಂಬತ್ತು ವರ್ಷಗಳ ವೈದ್ಯಶಾಸ್ತ್ರ ಮತ್ತು ಮನಶ್ಶಾಸ್ತ್ರಗಳ ಅನುಭವ ಇದರ ಬೆನ್ನಿಗಿದೆ.

ಮೊದಲು ಈ ಸಮಸ್ಯೆಯ ಗಾತ್ರವನ್ನು ನೋಡೋಣ. ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ವಯಸ್ಕ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ನೂರಕ್ಕೆ ಸುಮಾರು ೩೦ ಮಂದಿ ತಮ್ಮ ಎತ್ತರಕ್ಕೆ ತಕ್ಕುದಕ್ಕಿಂತ ಹೆಚ್ಚಿನ ತೂಕ ಹೊಂದಿದವರು. ಇಡೀ ದೇಶದ ಲೆಕ್ಕ ನೂರಕ್ಕೆ ಸುಮಾರು ೨೪. ಮೂರು ಮಂದಿಯಲ್ಲಿ ಒಬ್ಬರೆಂದರೆ ಅದು ಯಾರದೋ ನೆರೆಮನೆಯ ಮಾತಲ್ಲ, ನಮ್ಮ ಪಂಕ್ತಿಯಲ್ಲಿಯೇ ಕುಳಿತವರ ಮಾತು. ಸಿಹಿಮೂತ್ರ ರೋಗ, ರಕ್ತದ ಒತ್ತಡ, ಹೃದ್ರೋಗ, ಮಂಡಿನೋವು ಇವು ಈ ದಾರಿಯಲ್ಲಿಯೇ ಬರುವ ಅತಿಥಿಗಳಾದುದರಿಂದ ಇದನ್ನು ರೂಪದ ಪ್ರಶ್ನೆಯೆಂದು ತಳ್ಳಿಹಾಕುವುದೂ ಸಾಧ್ಯವಿಲ್ಲ. ತೂಕ ಇಳಿಯಬೇಕೆಂಬುದರಲ್ಲಿ ವಿವಾದವಿಲ್ಲ. ಇಳಿಯುವುದು ಹೇಗೆಂಬುದೇ ಪ್ರಶ್ನೆ.

ಇದಕ್ಕೆ ಲೋಕದ ಉತ್ತರ ಬಹಳ ಸುಲಭವಾದುದು. “ಕಡಮೆ ತಿನ್ನಿ, ಹೆಚ್ಚು ನಡೆಯಿರಿ.” ಜಮಾ-ಖರ್ಚಿನ ಪುಸ್ತಕದಲ್ಲಿ ಈ ಲೆಕ್ಕ ಸರಿಯಾಗಿಯೇ ಇದೆ. ಆದರೆ ಮನುಷ್ಯನೆಂದರೆ ಜಮಾ-ಖರ್ಚಿನ ಪುಸ್ತಕವಲ್ಲ. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡ್ ಅವರು ೧೯೫೯ರಲ್ಲಿ ಸಹೋದ್ಯೋಗಿಯೊಬ್ಬರೊಡನೆ ಪ್ರಕಟಿಸಿದ ಒಂದು ವರದಿ ಇಂದಿಗೂ ವೈದ್ಯವಲಯದಲ್ಲಿ ಪ್ರಸಿದ್ಧವಾಗಿದೆ. ಆಸ್ಪತ್ರೆಗೆ ಬಂದ ನೂರು ಮಂದಿ ಸ್ಥೂಲಕಾಯರಿಗೆ ಆಹಾರದ ಪಟ್ಟಿಯನ್ನು ಕೊಟ್ಟು ಕಳುಹಿಸಲಾಗಿತ್ತು. ಅವರಲ್ಲಿ ೨೦ ಪೌಂಡು, ಎಂದರೆ ಸುಮಾರು ಒಂಬತ್ತು ಕಿಲೋ, ಇಳಿಸಿದವರು ಕೇವಲ ೧೨ ಮಂದಿ. ಎರಡು ವರ್ಷ ಕಳೆದ ಮೇಲೆ ಆ ಇಳಿತವನ್ನು ಉಳಿಸಿಕೊಂಡಿದ್ದವರು ಇಬ್ಬರು. ನೂರಕ್ಕೆ ಇಬ್ಬರು! ತರಗತಿಯ ನೂರು ಹುಡುಗರಲ್ಲಿ ಇಬ್ಬರೇ ತೇರ್ಗಡೆಯಾದರೆ ನಾವು ಅಧ್ಯಾಪಕರು ಹುಡುಗರೆಲ್ಲ ದಡ್ಡರೆಂದು ಹೇಳಿ ಪಾರಾಗಲು ಯತ್ನಿಸಬಹುದು; ಆದರೆ ಬುದ್ಧಿವಂತ ತಂದೆತಾಯಿಗಳು ಪಾಠ ಹೇಳಿದ ರೀತಿಯನ್ನು ವಿಚಾರಿಸದೆ ಬಿಡಲಾರರು. ಪಟ್ಟಿಯೇನೋ ಸರಿಯಾಗಿಯೇ ಇತ್ತು. ಪಟ್ಟಿಯನ್ನು ಹಿಡಿದು ಮನೆಗೆ ಹೋದವರ ಜೊತೆಗೆ ಯಾರೂ ಇರಲಿಲ್ಲ.

ಆಹಾರ ಕಡಮೆಯಾದಾಗ ಮನಸ್ಸಿಗೆ ಏನಾಗುತ್ತದೆಂಬುದನ್ನು ಪ್ರತ್ಯಕ್ಷವಾಗಿ ತೋರಿಸಿದ ಪ್ರಯೋಗವೊಂದು ಎರಡನೆಯ ಮಹಾಯುದ್ಧದ ಕೊನೆಯ ಕಾಲದಲ್ಲಿ ನಡೆಯಿತು. ಮಿನ್ನೆಸೋಟ ವಿಶ್ವವಿದ್ಯಾನಿಲಯದ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಶಸ್ತ್ರ ಹಿಡಿಯಲು ಒಪ್ಪದೆ ಸೇವೆಗೆ ಮುಂದೆ ಬಂದ ೩೬ ಮಂದಿ ಆರೋಗ್ಯವಂತ ತರುಣರನ್ನು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿರಿಸಿದರು. ಕ್ಷಾಮಪೀಡಿತ ಯುರೋಪಿನ ಜನರನ್ನು ಮತ್ತೆ ಚೇತರಿಸುವಂತೆ ಮಾಡುವುದು ಹೇಗೆಂಬುದನ್ನು ತಿಳಿಯುವುದು ಅವರ ಉದ್ದೇಶವಾಗಿತ್ತು. ಆ ತರುಣರ ದೇಹ ಕ್ಷೀಣಿಸಿದ್ದು ನಿರೀಕ್ಷಿತವೇ. ಆದರೆ ಅವರ ಮನಸ್ಸು ಪಟ್ಟ ಪಾಡು ನಿರೀಕ್ಷೆಯನ್ನು ಮೀರಿತ್ತು. ಆದರ್ಶಗಳನ್ನು ಕುರಿತು ಚರ್ಚಿಸುತ್ತಿದ್ದವರು ಪಾಕಶಾಸ್ತ್ರದ ಪುಸ್ತಕಗಳನ್ನು ಓದತೊಡಗಿದರು. ತಟ್ಟೆಯನ್ನು ನೆಕ್ಕಿದರು. ಸಣ್ಣ ಮಾತಿಗೂ ಸಿಡುಕಿದರು, ಗೆಳೆಯರಿಂದ ದೂರ ಸರಿದರು, ಖಿನ್ನರಾದರು. ಒಬ್ಬ ಕದ್ದು ತಿಂದುದು ತಿಳಿದ ಮೇಲೆ ಯಾರೂ ಒಂಟಿಯಾಗಿ ಹೊರಗೆ ಹೋಗಕೂಡದು, ಒಬ್ಬ ಸಂಗಾತಿ ಇರಲೇಬೇಕು ಎಂಬ ನಿಯಮವನ್ನು ಮಾಡಬೇಕಾಯಿತು. ಅವರೇನೂ ಚಪಲಚಿತ್ತರಲ್ಲ, ಮನಸ್ಸಿನ ದಾರ್ಢ್ಯವನ್ನು ಪರೀಕ್ಷಿಸಿಯೇ ಆರಿಸಲ್ಪಟ್ಟವರು. ಹಸಿವಿನ ಮುಂದೆ ಅಂಥವರೂ ಹಾಗಾದರೆಂಬುದನ್ನು ನೆನೆದರೆ, ಸಂಜೆಯ ಕಾಫಿಯ ಹೊತ್ತಿಗೆ ಡಬ್ಬದೊಳಗೆ ಕೈಯಿಟ್ಟ ಗೃಹಿಣಿಯನ್ನು “ಸಂಕಲ್ಪಬಲವಿಲ್ಲದವಳು” ಎಂದು ಕರೆಯುವ ಅಧಿಕಾರ ನಮಗೆಲ್ಲಿಯದು?

ಇನ್ನು ನಾನು ಹೇಳಬೇಕಾದುದು ಒಬ್ಬ ಗೃಹಿಣಿಯ ಕಥೆಯನ್ನೇ. ನ್ಯೂಯಾರ್ಕ್ ನಗರದ ಕ್ವೀನ್ಸ್ ಎಂಬ ಭಾಗದಲ್ಲಿ ಜೀನ್ ನೈಡಿಚ್ ಎಂಬಾಕೆ ಇದ್ದಳು. ಗಂಡ ಬಸ್ಸಿನ ಚಾಲಕ, ಇಬ್ಬರು ಗಂಡುಮಕ್ಕಳು. ೧೯೬೧ರಲ್ಲಿ ಆಕೆಗೆ ಮೂವತ್ತೇಳು ವರ್ಷ, ತೂಕ ೨೧೪ ಪೌಂಡು, ಎಂದರೆ ೯೭ ಕಿಲೋ. ಆಕೆ ಮಾಡದ ಪಥ್ಯವಿರಲಿಲ್ಲ. ಮಾಡಿದ ಯಾವ ಪಥ್ಯವೂ ನಿಂತಿರಲಿಲ್ಲ. ಒಂದು ದಿನ ಅಂಗಡಿಯಲ್ಲಿ ಎದುರಾದ ಪರಿಚಿತೆಯೊಬ್ಬಳು, “ಎಷ್ಟು ಚೆನ್ನಾಗಿ ಕಾಣುತ್ತೀ! ಹೆರಿಗೆ ಯಾವಾಗ?” ಎಂದು ವಿಚಾರಿಸಿದಳಂತೆ. ಜೀನ್ ಗರ್ಭಿಣಿಯಾಗಿರಲಿಲ್ಲ. ಆ ಪರಿಚಿತೆಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲವೆಂಬುದನ್ನು ಗಮನಿಸಬೇಕು. ಚುಚ್ಚುವ ಮಾತುಗಳಲ್ಲಿ ಹೆಚ್ಚಿನವು ಹೀಗೆ ಒಳ್ಳೆಯ ಉದ್ದೇಶದಿಂದ ಬಂದವೇ.

ಜೀನ್ ನಗರದ ಆರೋಗ್ಯ ಇಲಾಖೆ ನಡೆಸುತ್ತಿದ್ದ ಬೊಜ್ಜಿನ ಚಿಕಿತ್ಸಾಲಯಕ್ಕೆ ಸೇರಿದಳು. ಅಲ್ಲಿ ಕೊಟ್ಟ ಆಹಾರಕ್ರಮ ನಾರ್ಮನ್ ಜಾಲಿಫ್ ಎಂಬ ವೈದ್ಯರು ರೂಪಿಸಿದ್ದು, ಶಾಸ್ತ್ರೀಯವಾದುದು, ವೆಚ್ಚವಿಲ್ಲದ್ದು. ಹತ್ತು ವಾರಗಳಲ್ಲಿ ೨೦ ಪೌಂಡು ಇಳಿಯಿತು. ಆದರೂ ಆಕೆಯ ಉತ್ಸಾಹ ಬಾಡುತ್ತ ಬಂದಿತು. ಕಾರಣ, ಆಕೆಯ ಬಳಿ ಒಂದು ಗುಟ್ಟಿತ್ತು. ಬಚ್ಚಲುಮನೆಯಲ್ಲಿ ಮಾಸಿದ ಬಟ್ಟೆಗಳನ್ನು ಹಾಕುವ ಬುಟ್ಟಿಯ ತಳದಲ್ಲಿ ಆಕೆ ಬಿಸ್ಕತ್ತಿನ ಪೊಟ್ಟಣಗಳನ್ನು ಬಚ್ಚಿಟ್ಟಿದ್ದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಲ್ಲಿಗೆ ಹೋಗಿ ತಿನ್ನುತ್ತಿದ್ದಳು. ಆ ಚಿಕಿತ್ಸಾಲಯದಲ್ಲಿ ಈ ಗುಟ್ಟನ್ನು ಹೇಳುವಂತಿರಲಿಲ್ಲ. ಅಲ್ಲಿ ಹೇಳುವವರು ಅವರು, ಕೇಳುವವಳು ಇವಳು.

೧೯೬೧ರ ಸೆಪ್ಟೆಂಬರಿನಲ್ಲಿ ಜೀನ್ ತನ್ನಂತೆಯೇ ಮೈ ಬೆಳೆದ ಆರು ಮಂದಿ ಗೆಳತಿಯರನ್ನು ಮನೆಗೆ ಕರೆದಳು. ಬುಟ್ಟಿಯ ತಳದ ಬಿಸ್ಕತ್ತಿನ ವಿಷಯವನ್ನು ಅವರ ಮುಂದೆ ಬಿಚ್ಚಿ ಹೇಳಿದಳು. ಗೆಳತಿಯರು ನಗಲಿಲ್ಲ, ಛೀ ಎನ್ನಲಿಲ್ಲ. ತಾವು ಯಾವ ಯಾವ ತಿಂಡಿಯನ್ನು ಎಲ್ಲೆಲ್ಲಿ ಬಚ್ಚಿಡುತ್ತೇವೆಂಬುದನ್ನು ಒಬ್ಬೊಬ್ಬರಾಗಿ ಹೇಳತೊಡಗಿದರು. ವರ್ಷಗಟ್ಟಲೆ ತನಗೊಬ್ಬಳಿಗೇ ಸೇರಿದ ಕಲಂಕವೆಂದು ಪ್ರತಿಯೊಬ್ಬಳೂ ತಿಳಿದಿದ್ದುದು ಏಳು ಮಂದಿಗೂ ಸಮಾನವಾಗಿತ್ತು. ಮುಂದಿನ ವಾರವೂ ಸೇರೋಣವೆಂದರು. ಆಹಾರದ ಪಟ್ಟಿ ಆ ಚಿಕಿತ್ಸಾಲಯದ್ದೇ; ಅದರಲ್ಲಿ ಒಂದು ಸಾಲೂ ಹೊಸತಲ್ಲ. ಹೊಸತಾಗಿದ್ದುದು ವಾರಕ್ಕೊಮ್ಮೆ ತಮ್ಮಂಥವರ ಮುಂದೆ ಕುಳಿತು ಮಾತನಾಡುವುದೊಂದೇ. ಎರಡು ತಿಂಗಳು ತುಂಬುವಷ್ಟರಲ್ಲಿ ಆ ಕೋಣೆಗೆ ಸುಮಾರು ನಲವತ್ತು ಮಂದಿ ಬರತೊಡಗಿದ್ದರು. ಒಂದು ವರ್ಷ ಕಳೆದು ೧೯೬೨ರ ಅಕ್ಟೋಬರ್ ಕೊನೆಯ ವೇಳೆಗೆ ಜೀನ್ ೧೪೨ ಪೌಂಡಿಗೆ, ಎಂದರೆ ಸುಮಾರು ೬೪ ಕಿಲೋಗೆ, ಇಳಿದಿದ್ದಳು.

ಮುಂದಿನದು ವ್ಯಾಪಾರದ ಚರಿತ್ರೆ. ೧೯೬೩ರಲ್ಲಿ ಆ ಗೋಷ್ಠಿ ‘ವೆಯ್ಟ್ ವಾಚರ್ಸ್’ ಎಂಬ ಸಂಸ್ಥೆಯಾಯಿತು, ದೇಶದೇಶಗಳಿಗೆ ಹಬ್ಬಿತು, ೧೯೭೮ರಲ್ಲಿ ಹೈನ್ಸ್ ಎಂಬ ದೊಡ್ಡ ಆಹಾರ ಕಂಪೆನಿ ಅದನ್ನು ಕೊಂಡಿತು. ಜೀನ್ ೨೦೧೫ರಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ, ತೀರಿಕೊಂಡಳು. ತೂಕ ಇಳಿಸುವ ಹೆಸರಿನಲ್ಲಿ ಬೆಳೆದ ವ್ಯಾಪಾರಗಳ ಗುಣದೋಷಗಳನ್ನು ಕುರಿತು ಬೇಕಾದಷ್ಟು ಹೇಳಬಹುದು. ಇಳಿದವರಲ್ಲಿ ಅನೇಕರು ಮತ್ತೆ ಏರಿದರೆಂಬುದೂ, ಏರಿದವರು ಮತ್ತೆ ಶುಲ್ಕ ಕಟ್ಟಿದರೆಂಬುದೂ ಸುಳ್ಳಲ್ಲ. ನಮಗೆ ಮುಖ್ಯವಾದುದು ಆ ಮೊದಲ ಸಂಜೆ. ಅಂದು ಯಾರೂ ಶುಲ್ಕ ಕೊಟ್ಟಿರಲಿಲ್ಲ, ಯಾರೂ ಪಂಡಿತರಾಗಿರಲಿಲ್ಲ. ಆದರೂ ಒಂದು ಕೆಲಸ ನಡೆದಿತ್ತು.

ಇದು ಒಬ್ಬಾಕೆಯ ಅದೃಷ್ಟವಿರಬಹುದಲ್ಲವೆ ಎಂದು ಸಂದೇಹಪಡುವ ವಾಚಕರಿಗಾಗಿ ಎರಡು ಪರೀಕ್ಷೆಗಳ ಫಲಿತಾಂಶವನ್ನು ಹೇಳುತ್ತೇನೆ. ಅಮೆರಿಕದ ಮನೋವಿಜ್ಞಾನಿಗಳಾದ ರೀನಾ ವಿಂಗ್ ಮತ್ತು ರಾಬರ್ಟ್ ಜೆಫ್ರಿ ಅವರು ೧೯೯೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರು ಒಂಟಿಯಾಗಿ ಸೇರಿದ್ದರು, ಕೆಲವರು ಮೂವರು ಸ್ನೇಹಿತರನ್ನೋ ಬಂಧುಗಳನ್ನೋ ಜೊತೆಗೆ ಕರೆತಂದಿದ್ದರು. ಒಂಟಿಯಾಗಿ ಬಂದು ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ೭೬ ಮಂದಿ ಚಿಕಿತ್ಸೆಯನ್ನು ಪೂರೈಸಿದರು. ಇಳಿದ ತೂಕವನ್ನು ಹತ್ತನೆಯ ತಿಂಗಳವರೆಗೆ ಪೂರ್ಣವಾಗಿ ಕಾಪಾಡಿಕೊಂಡವರು ೨೪ ಮಂದಿ. ಸ್ನೇಹಿತರೊಡನೆ ಬಂದು, ಒಬ್ಬರಿಗೊಬ್ಬರು ಆಸರೆಯಾಗುವ ತರಬೇತಿಯನ್ನೂ ಪಡೆದವರಲ್ಲಿ ೯೫ ಮಂದಿ ಪೂರೈಸಿದರು; ಕಾಪಾಡಿಕೊಂಡವರು ೬೬ ಮಂದಿ.

ಎರಡನೆಯದು ಸಿಹಿಮೂತ್ರ ರೋಗವನ್ನು ತಡೆಯುವ ಬಗೆಗೆ ಅಮೆರಿಕದಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆ. ರೋಗದ ಅಂಚಿನಲ್ಲಿದ್ದ ೩,೨೩೪ ಮಂದಿಯಲ್ಲಿ ಕೆಲವರಿಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಕೊಟ್ಟರು. ಇನ್ನು ಕೆಲವರಿಗೆ ತೂಕದಲ್ಲಿ ನೂರಕ್ಕೆ ೭ ಪಾಲು ಇಳಿಸುವ, ವಾರಕ್ಕೆ ೧೫೦ ನಿಮಿಷ ನಡೆಯುವ ಗುರಿಯನ್ನು ಕೊಟ್ಟರು. ಮಾತ್ರೆ ರೋಗದ ಸಂಭವವನ್ನು ನೂರಕ್ಕೆ ೩೧ರಷ್ಟು ತಗ್ಗಿಸಿತು. ನಡೆನುಡಿಯ ಬದಲಾವಣೆ ೫೮ರಷ್ಟು ತಗ್ಗಿಸಿತು. ಈ ಗೆಲುವನ್ನು ಎಲ್ಲರೂ ಉದಾಹರಿಸುತ್ತಾರೆ. ಆದರೆ ಅವರಿಗೆ ಕೊಟ್ಟದ್ದು ಬರಿಯ ಗುರಿಯಲ್ಲವೆಂಬುದನ್ನು ಹಲವರು ಮರೆಯುತ್ತಾರೆ. ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕನಿದ್ದ. ಹದಿನಾರು ಪಾಠಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ, ಅನಂತರವೂ ಸಂಪರ್ಕವನ್ನು ಬಿಡಲಿಲ್ಲ. ಮಳೆ ಬಂದ ದಿನ, ಮಗುವಿಗೆ ಜ್ವರ ಬಂದ ದಿನ, ಮನಸ್ಸು ಕೆಟ್ಟ ದಿನ ಏನು ಮಾಡಬೇಕೆಂದು ಕೇಳಲು ಅವರಿಗೊಬ್ಬರಿದ್ದರು.

ಈ ಆಸರೆಗೆ ವಿರುದ್ಧವಾದುದೆಂದರೆ ಹೀಯಾಳಿಕೆ. ನಾಲ್ಕು ಮಾತು ಚುಚ್ಚಿದರೆ ರೋಷ ಬಂದು ತೂಕ ಇಳಿಸಿಯಾರೆಂದು ನಂಬಿರುವ ಹಿತೈಷಿಗಳು ನಮ್ಮಲ್ಲಿ ಬಹಳ. ಅವರ ನಂಬಿಕೆಯನ್ನು ಲೆಕ್ಕ ಸಮರ್ಥಿಸುವುದಿಲ್ಲ. ಲಂಡನ್ನಿನ ಸಂಶೋಧಕರು ಸುಮಾರು ಮೂರು ಸಾವಿರ ಮಂದಿ ಪ್ರೌಢರನ್ನು ನಾಲ್ಕು ವರ್ಷ ಗಮನಿಸಿ ೨೦೧೪ರಲ್ಲಿ ವರದಿ ಮಾಡಿದರು. ತೂಕದ ಕಾರಣದಿಂದ ತಮಗೆ ಅವಮಾನವೋ ತಾರತಮ್ಯವೋ ಆಗಿದೆಯೆಂದು ಹೇಳಿದವರ ತೂಕ ಸರಾಸರಿ ಸುಮಾರು ಒಂದು ಕಿಲೋ ಏರಿತ್ತು. ಅಂಥ ಅನುಭವವಿಲ್ಲದವರದು ಮುಕ್ಕಾಲು ಕಿಲೋದಷ್ಟು ಇಳಿದಿತ್ತು. ಆರು ಸಾವಿರಕ್ಕೂ ಮೀರಿದ ಅಮೆರಿಕನ್ನರ ಮೇಲೆ ನಡೆದ ೨೦೧೩ರ ಅಧ್ಯಯನವೂ ಹೀಗೆಯೇ ಹೇಳುತ್ತದೆ. ಮೊದಲು ಬೊಜ್ಜು ಇಲ್ಲದಿದ್ದವರಲ್ಲಿಯೂ ಇಂಥ ಅವಮಾನವನ್ನು ಕಂಡವರಿಗೆ ಮುಂದೆ ಬೊಜ್ಜು ಬರುವ ಸಂಭವ ಎರಡೂವರೆ ಪಟ್ಟು ಹೆಚ್ಚಾಗಿತ್ತು.

ಇದರಲ್ಲಿ ಆಶ್ಚರ್ಯಪಡಬೇಕಾದುದೇನೂ ಇಲ್ಲ. ನಗೆಗೆ ಹೆದರಿದವರು ಉದ್ಯಾನಕ್ಕೆ ನಡೆಯಲು ಹೋಗುವುದಿಲ್ಲ. ವೈದ್ಯರ ತಕ್ಕಡಿಗೆ ಹೆದರಿದವರು ವೈದ್ಯರ ಬಳಿಗೇ ಹೋಗುವುದಿಲ್ಲ. ಪಂಕ್ತಿಯಲ್ಲಿ ನಾಲ್ವರ ಕಣ್ಣು ತಮ್ಮ ಎಲೆಯ ಮೇಲಿದೆಯೆಂದು ಬಲ್ಲವರು ಅಲ್ಲಿ ಅರೆಹೊಟ್ಟೆ ಉಂಡು, ಯಾರೂ ಇಲ್ಲದಾಗ ಅಡಿಗೆಮನೆಯ ಕತ್ತಲೆಯಲ್ಲಿ ಎರಡರಷ್ಟು ತಿನ್ನುತ್ತಾರೆ. ದುಃಖಕ್ಕೆ ಸುಲಭವಾಗಿ ಸಿಕ್ಕುವ ಸಮಾಧಾನವೆಂದರೆ ಸಿಹಿ. ಹೀಯಾಳಿಸಿದವರು ಹೋಗಿಬಿಡುತ್ತಾರೆ, ಸಮಾಧಾನದ ಭಾರ ಮೈಯಲ್ಲಿ ಉಳಿಯುತ್ತದೆ.

ಅಷ್ಟಕ್ಕೇ ನಮ್ಮ ಉಪಚಾರ ಮುಗಿಯುವುದಿಲ್ಲ. ಹನ್ನೊಂದು ಗಂಟೆಗೆ “ದಪ್ಪಗಾಗಿದ್ದೀ” ಎಂದ ಸೋದರತ್ತೆಯೇ ಒಂದು ಗಂಟೆಯ ಪಂಕ್ತಿಯಲ್ಲಿ, “ಅಯ್ಯೋ, ಒಂದೇ ಹೋಳಿಗೆಗೆ ಸಾಕೆನ್ನುತ್ತೀಯಲ್ಲೇ, ನನ್ನಾಣೆ, ಇನ್ನೊಂದು” ಎಂದು ತುಪ್ಪದ ಮಿಳ್ಳೆಯನ್ನು ಬಗ್ಗಿಸುತ್ತಾರೆ. ಬೇಡವೆಂದರೆ ಗರ್ವ, ಬೇಕೆಂದರೆ ಹೊಟ್ಟೆಬಾಕತನ! ಎಡಕ್ಕೂ ಬಲಕ್ಕೂ ಪೆಟ್ಟು ತಿನ್ನುವ ಮದ್ದಳೆಯ ಪಾಡು ಆ ಹುಡುಗಿಯದು. ಅನ್ನವಿಟ್ಟು ಪ್ರೀತಿ ತೋರಿಸುವುದು ನಮ್ಮ ಸಂಸ್ಕೃತಿಯ ಸೊಬಗು ನಿಜ. ಆದರೆ ಒಮ್ಮೆ ಸಾಕೆಂದ ಮಾತನ್ನು ಮನ್ನಿಸುವುದೂ ಪ್ರೀತಿಯೇ.

ಹಾಗಾದರೆ ಮಾನಸಿಕ ಆಸರೆಯೆಂದರೇನು? ಅದು ಮುಖಸ್ತುತಿಯಲ್ಲ. “ನೀನೇನು ದಪ್ಪಗಿಲ್ಲ ಬಿಡು” ಎಂಬ ಸುಳ್ಳಿನಿಂದ ಸಿಹಿಮೂತ್ರ ರೋಗ ಹಿಂದೆ ಸರಿಯದು. ಅದು ಕಾವಲೂ ಅಲ್ಲ. ಹೆಂಡತಿಯ ತಟ್ಟೆಯಲ್ಲಿ ಎಷ್ಟು ದೋಸೆ ಬಿದ್ದಿತೆಂದು ಪತ್ರಿಕೆಯ ಮರೆಯಿಂದ ಎಣಿಸುವ ಗಂಡನಿಂದ ಆಕೆಗೆ ದೊರೆಯುವುದು ಆಸರೆಯಲ್ಲ, ತನಿಖೆ. ತಜ್ಞರು ಹೇಳುವ ಆಸರೆ ಮೂರು ಬಗೆಯ ಕೆಲಸವನ್ನು ಮಾಡುತ್ತದೆ.

ಮೊದಲನೆಯದು, ತನ್ನನ್ನು ತಾನು ನೋಡಿಕೊಳ್ಳುವುದಕ್ಕೆ ನೆರವಾಗುವುದು. ೧೯೬೭ರಲ್ಲಿ ರಿಚರ್ಡ್ ಸ್ಟುವರ್ಟ್ ಎಂಬುವರು ಎಂಟು ಮಂದಿಗೆ ಹೊಸ ರೀತಿಯ ಚಿಕಿತ್ಸೆ ನೀಡಿದರು. ಏನು ತಿಂದೆವೆಂಬುದರ ಜೊತೆಗೆ ಯಾವ ಹೊತ್ತಿನಲ್ಲಿ, ಎಲ್ಲಿ, ಯಾವ ಮನಸ್ಥಿತಿಯಲ್ಲಿ ತಿಂದೆವೆಂಬುದನ್ನೂ ಬರೆದಿಡಲು ಹೇಳಿದರು. ತಿನ್ನುವಾಗ ಬೇರೆ ಕೆಲಸ ಕೂಡದು, ಊಟದ ಜಾಗವಲ್ಲದೆ ಬೇರೆಡೆ ತಿನ್ನಕೂಡದು ಎಂಬಂಥ ಚಿಕ್ಕಚಿಕ್ಕ ಅಭ್ಯಾಸಗಳನ್ನು ಕಲಿಸಿದರು. ವರ್ಷದ ಕೊನೆಗೆ ಆ ಎಂಟು ಮಂದಿ ೧೨ರಿಂದ ೨೧ ಕಿಲೋವರೆಗೆ ಇಳಿದಿದ್ದರು. ಎಂಟೇ ಮಂದಿಯಾದರೂ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ನಡವಳಿಕೆಯ ಚಿಕಿತ್ಸೆಗೆ ಆ ಪ್ರಯೋಗ ಬುನಾದಿಯಾಯಿತು. ಬರೆದಿಟ್ಟ ಆ ಪುಸ್ತಕವನ್ನು ತೆರೆದರೆ, ನಾಲ್ಕು ಗಂಟೆಯ ಚಕ್ಕುಲಿಗೆ ಹಸಿವು ಕಾರಣವಲ್ಲ, ಬೇಸರ ಕಾರಣ ಎಂಬ ಸತ್ಯ ತಾನಾಗಿ ಹೊರಬೀಳುತ್ತದೆ. ಬೇಸರಕ್ಕೆ ಔಷಧ ಬೇರೆ.

ಎರಡನೆಯದು, ಬಿದ್ದವರನ್ನು ಏಳಿಸುವುದು. “ಮುಳುಗಿದವನಿಗೆ ಚಳಿಯೇನು, ಮಳೆಯೇನು” ಎಂಬ ಗಾದೆ ಪಥ್ಯ ಮಾಡುವವರಿಗೆ ಬಹಳ ಅಪಾಯಕಾರಿ. ೧೯೭೫ರಲ್ಲಿ ಮನಶ್ಶಾಸ್ತ್ರಜ್ಞರು ಒಂದು ಸೊಗಸಾದ ಪರೀಕ್ಷೆ ಮಾಡಿದರು. ಕೆಲವು ವಿದ್ಯಾರ್ಥಿನಿಯರಿಗೆ ಮೊದಲು ಹಾಲಿನ ಸಿಹಿಪಾನೀಯವನ್ನು ಕುಡಿಸಿ, ಬಳಿಕ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮನ್ನು ಮುಂದಿಟ್ಟರು. ಸಾಮಾನ್ಯರು ಹಾಲು ಕುಡಿದಿದ್ದರೆ ಐಸ್‌ಕ್ರೀಮನ್ನು ಕಡಮೆ ತಿಂದರು. ಆದರೆ ಸದಾ ಪಥ್ಯದ ಚಿಂತೆಯಲ್ಲಿರುವವರು, ಹಾಲು ಕುಡಿದಿದ್ದರೆ ಇನ್ನೂ ಹೆಚ್ಚು ತಿಂದರು! ಹೇಗೂ ವ್ರತ ಕೆಟ್ಟಿತು, ಇನ್ನು ಮಿತಿಯೇಕೆ ಎಂಬ ಲೆಕ್ಕ. ಆ ಗಳಿಗೆಯಲ್ಲಿ “ನೋಡಿದೆಯಾ, ನಾನಾಗಲೇ ಹೇಳಲಿಲ್ಲವೆ?” ಎನ್ನುವವರು ಮುಳುಗಿದವರನ್ನು ಮತ್ತಷ್ಟು ಆಳಕ್ಕೆ ತಳ್ಳುತ್ತಾರೆ. “ಒಂದು ಹೊತ್ತು ತಪ್ಪಿತು, ರಾತ್ರಿಯ ಊಟವನ್ನು ಎಂದಿನಂತೆ ಮಾಡಿದರಾಯಿತು” ಎನ್ನುವವರು ದಡಕ್ಕೆ ಕರೆತರುತ್ತಾರೆ.

ಮೂರನೆಯದು, ಮುಗಿದ ಮೇಲೂ ಇರುವುದು. ತೂಕ ಇಳಿಯುವಾಗ ಎಲ್ಲರೂ ಬೆನ್ನು ತಟ್ಟುತ್ತಾರೆ; ಇಳಿದು ನಿಂತ ಮೇಲೆ ಯಾರೂ ಕೇಳುವುದಿಲ್ಲ. ಕಷ್ಟದ ಕಾಲ ಆರಂಭವಾಗುವುದು ಆಗಲೇ. ದೇಹ ತನ್ನ ಹಳೆಯ ತೂಕವನ್ನು ಮರೆಯುವುದಿಲ್ಲ. ಇಳಿದಷ್ಟೂ ಹಸಿವೆಯನ್ನು ಹೆಚ್ಚಿಸುತ್ತದೆ, ಶಕ್ತಿಯ ಖರ್ಚನ್ನು ತಗ್ಗಿಸುತ್ತದೆ. ಆದುದರಿಂದಲೇ ಚಿಕಿತ್ಸೆ ಮುಗಿದ ಮೇಲೂ ಆಗಾಗ ಕಂಡು ಮಾತನಾಡುವ ವ್ಯವಸ್ಥೆಯಿರಬೇಕೆಂದು ತಜ್ಞರು ಒತ್ತಿ ಹೇಳುತ್ತಾರೆ.

ಇಷ್ಟು ಹೇಳಿದ ಮೇಲೆ, ಮನಸ್ಸೊಂದಿದ್ದರೆ ಸಾಕು ಎಲ್ಲವೂ ಸಾಧ್ಯವೆಂಬ ಇನ್ನೊಂದು ಅತಿಗೆ ಹೋಗಬಾರದು. ಅದೇ ಸ್ಟಂಕರ್ಡ್ ಅವರು ೧೯೮೬ರಲ್ಲಿ ಡೆನ್ಮಾರ್ಕಿನ ೫೪೦ ಮಂದಿ ದತ್ತುಮಕ್ಕಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ಆ ಮಕ್ಕಳು ದೊಡ್ಡವರಾದಾಗ ಅವರ ಮೈಕಟ್ಟು ಹೆತ್ತವರನ್ನು ಹೋಲಿತೇ ಹೊರತು ಸಾಕಿದವರನ್ನಲ್ಲ. ಒಂದೇ ಅಡಿಗೆಯನ್ನು ಉಂಡು ಅಣ್ಣ ಕಡ್ಡಿಯಂತೆಯೂ ತಮ್ಮ ಕಂಬದಂತೆಯೂ ಇರುವುದನ್ನು ನಾವೂ ಕಂಡಿಲ್ಲವೆ? ರಕ್ತದಲ್ಲಿ ಬಂದುದಕ್ಕೆ ಯಾರನ್ನು ದೂರುವುದು? ಅದೂ ಅಲ್ಲದೆ ಥೈರಾಯಿಡ್ ಗ್ರಂಥಿಯ ದೋಷ, ಕೆಲವು ಔಷಧಗಳ ಪರಿಣಾಮ, ನಿದ್ರೆಯ ಕೊರತೆ ಇವೆಲ್ಲ ಕಾರಣಗಳಾಗಬಹುದಾದುದರಿಂದ ವೈದ್ಯರ ಪರೀಕ್ಷೆಯನ್ನು ಯಾವ ಸಾಂತ್ವನವೂ ತಪ್ಪಿಸಲಾರದು.

ಈಗ ಹೊಸ ಚುಚ್ಚುಮದ್ದುಗಳು ಬಂದಿವೆ. ಹಸಿವೆಯನ್ನು ತಗ್ಗಿಸುವ ಟಿರ್ಜೆಪಟೈಡ್ ೨೦೨೫ರ ಮಾರ್ಚಿಯಲ್ಲಿಯೂ, ತೂಕ ಇಳಿಸುವ ಸೆಮಾಗ್ಲುಟೈಡ್ ಅದೇ ವರ್ಷದ ಜೂನಿಯಲ್ಲಿಯೂ ಭಾರತದ ಮಾರುಕಟ್ಟೆಗೆ ಕಾಲಿಟ್ಟವು. ಇವುಗಳ ಪ್ರಭಾವ ಎಷ್ಟೆಂದರೆ, ಜೀನ್ ಕಟ್ಟಿದ ಸಂಸ್ಥೆ ೨೦೨೫ರ ಮೇ ತಿಂಗಳಲ್ಲಿ ಸಾಲದ ಹೊರೆಯಿಂದ ಪಾರಾಗಲು ದಿವಾಳಿ ಕಾನೂನಿನ ರಕ್ಷಣೆಯನ್ನು ಬೇಡಬೇಕಾಯಿತು. ಸೂಜಿಯಿರುವಾಗ ಸ್ನೇಹಿತರೇಕೆ ಎಂದು ಕೇಳಬಹುದು. ಈ ಔಷಧಗಳು ಅನೇಕರಿಗೆ ನಿಜವಾಗಿಯೂ ವರವಾಗಿವೆ. ಬೊಜ್ಜು ಚಾರಿತ್ರ್ಯದ ದೋಷವಲ್ಲ, ದೇಹದ ವ್ಯಾಪಾರವೆಂಬುದನ್ನೂ ಅವು ತೋರಿಸಿಕೊಟ್ಟಿವೆ. ಆದರೆ ಸೆಮಾಗ್ಲುಟೈಡನ್ನು ನಿಲ್ಲಿಸಿದವರು ಒಂದು ವರ್ಷದೊಳಗೆ ಇಳಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲನ್ನು ಮತ್ತೆ ಪಡೆದರೆಂದು ೨೦೨೨ರ ವರದಿಯೊಂದು ಹೇಳುತ್ತದೆ. ದೀರ್ಘಕಾಲ ಹಿಡಿದು ಸಾಗಬೇಕಾದ ಚಿಕಿತ್ಸೆಗೆ ಧೈರ್ಯ ಹೇಳುವವರು ಬೇಡವೆ? ಸೂಜಿ ಹಸಿವೆಯನ್ನು ತಗ್ಗಿಸೀತು. ಬೇಸರವನ್ನೂ ಒಂಟಿತನವನ್ನೂ ಹಂಚಿಕೊಳ್ಳಲು ಮನುಷ್ಯರೇ ಬೇಕು.

ಇನ್ನೊಂದು ಎಚ್ಚರಿಕೆ ಮಾತು. ಕೆಲವರಿಗೆ ತಿನ್ನುವುದು ತಮ್ಮ ಹತೋಟಿಯನ್ನೇ ಮೀರಿಹೋಗಿರುತ್ತದೆ. ಹೊಟ್ಟೆ ನೋಯುವವರೆಗೆ ತಿಂದು, ಆಮೇಲೆ ಪಶ್ಚಾತ್ತಾಪದಿಂದ ಅಳುತ್ತಾರೆ. ಇನ್ನು ಕೆಲವರು, ವಿಶೇಷವಾಗಿ ಹರೆಯದ ಹುಡುಗಿಯರು, ದಪ್ಪಗಾಗುವ ಭಯದಿಂದ ಊಟವನ್ನೇ ಬಿಡುತ್ತಾರೆ ಅಥವಾ ಉಂಡುದನ್ನು ಬೇಕೆಂದೇ ಕಕ್ಕುತ್ತಾರೆ. ಇವು ಹಟವಲ್ಲ, ಚಿಕಿತ್ಸೆಗೆ ಒಳಪಡಬೇಕಾದ ಕಾಯಿಲೆಗಳು. ಇಂಥ ಸಂದರ್ಭದಲ್ಲಿ ಮನೋವೈದ್ಯರನ್ನು ಕಾಣಲು ಸಂಕೋಚಪಡಬಾರದು. ೨೦೨೨ರ ಅಕ್ಟೋಬರ್ ೧೦ರಂದು ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಆಧಾರ. ೧೪೪೧೬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲಿರುಳೂ ಉಚಿತವಾಗಿ ಮಾತನಾಡುವವರು ಸಿಕ್ಕುತ್ತಾರೆ, ಕನ್ನಡದಲ್ಲಿಯೇ.

ಮಿಕ್ಕಂತೆ ನಮ್ಮ ಮನೆಗಳಲ್ಲಿ ಆಗಬೇಕಾದ ಕೆಲಸಕ್ಕೆ ತಜ್ಞರೂ ಬೇಡ, ಖರ್ಚೂ ಇಲ್ಲ. ಪಥ್ಯವನ್ನು ಒಬ್ಬರ ಶಿಕ್ಷೆಯನ್ನಾಗಿ ಮಾಡದೆ ಇಡೀ ಮನೆಯ ಅಡಿಗೆಯನ್ನಾಗಿ ಮಾಡಬಹುದು. ಮಗಳಿಗೆ ಬರಿಯ ಕೋಸಂಬರಿಯನ್ನು ಬಡಿಸಿ ಅವಳೆದುರಿಗೇ ಉಳಿದವರು ಬೋಂಡ ತಿನ್ನುವುದು ಯಾವ ನ್ಯಾಯ? ಬಡಿಸುವಾಗ ಬೇಡವೆಂದವರನ್ನು ಎರಡನೆಯ ಸಲ ಕೇಳದಿರಬಹುದು. ಮಕ್ಕಳ ಮೈಯನ್ನು ಕುರಿತು ಅವರಿಗೆ ಅಡ್ಡಹೆಸರಿಡುವುದನ್ನು, ಪ್ರೀತಿಯಿಂದಲೇ ಆದರೂ, ಇಂದೇ ನಿಲ್ಲಿಸಬಹುದು. ನಲವತ್ತರ ವಯಸ್ಸಿನಲ್ಲಿಯೂ ಶಾಲೆಯ ದಿನಗಳ ಆ ಹೆಸರು ಕಿವಿಯಲ್ಲಿ ಮೊಳಗುತ್ತಿರುವವರು ನಮ್ಮ ನಡುವೆ ಕಡಮೆಯಿಲ್ಲ. ತಕ್ಕಡಿಯ ಮುಳ್ಳು ಇಳಿದಾಗ ಮಾತ್ರ ಹೊಗಳದೆ, ಇಳಿಯದ ವಾರವೂ ಬಿಡದೆ ನಡೆದದ್ದನ್ನು ಗಮನಿಸಿ ಒಂದು ಮಾತು ಆಡಬಹುದು.

“ಬೆಳಗ್ಗೆ ಎದ್ದು ನಡೆಯಬಾರದೇನೇ?” ಎಂದು ಹೆಂಡತಿಗೆ ನಿತ್ಯ ಉಪದೇಶಿಸುವ ಯಜಮಾನರು ನಮ್ಮ ಬಡಾವಣೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಮಾತನ್ನು ಬದಲಾಯಿಸಿ, “ನಾಳೆ ಐದೂವರೆಗೆ ನಾನೂ ಬರುತ್ತೇನೆ, ಇಬ್ಬರೂ ಹೋಗೋಣ” ಎಂದು ಹೇಳಿ ನೋಡಲಿ. ಅವರ ಹೊಟ್ಟೆಯೂ ಅಷ್ಟೇನೂ ಒಳಗೆ ಇರುವುದಿಲ್ಲ.